ಹೆಪ್ಪು ಕೇಳಲು ಹೋದ ಅಜ್ಜಿ

ನಮ್ಮ ಮನೆ ಓನರ್ ಅಜ್ಜಿಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಬಲಗಿವಿಗೆ ಮಾತ್ರ ಕೆಂಪು ಹರಳಿನ ಓಲೆ. ಕೇಳಿದರೆ "ಭಾರಕ್ಕೆ ಹರೀತು ಕಣಮ್ಮ" ಎನ್ನುತ್ತಿದ್ದರು. ಆದರೂ ಅಷ್ಟು ಚುರುಕಾದ ಕಿವಿಯನ್ನು ನಾನು ಗೌರಿಬಿದನೂರಿನಲ್ಲಿ ಬೇರೆಲ್ಲೂ ಕಾಣಲಿಲ್ಲ.

ಗಂಡ ಕುಡುಮಲಕುಂಟೆಯ ಕಾರ್ಖಾನೆಗೆ ಹೋದ ಮೇಲೆ ನಾನು ಮನೆಯಲ್ಲೇ ಕೂತು ಹೊರದೇಶದ ಸಿನಿಮಾಗಳಿಗೆ, ಪರದೆಯ ಕೆಳಗೆ ಬರುವ ಕನ್ನಡ ಸಾಲು ಬರೆಯುತ್ತಿದ್ದೆ. ಈಗಲೂ ಅದೇ ಕೆಲಸ. ನನ್ನ ಪಾಲಿಗೆ ಬರುತ್ತಿದ್ದುದೆಲ್ಲ ರಕ್ತದ ಸಿನಿಮಾಗಳೇ. ಕೊರಿಯಾದಲ್ಲಿ ಸುತ್ತಿಗೆ, ಮೆಕ್ಸಿಕೋದಲ್ಲಿ ಗರಗಸ, ಇಂಡೋನೇಷ್ಯಾದಲ್ಲಿ ಮಚ್ಚು. ಚೀರಾಟಕ್ಕೆ ಅನುವಾದ ಬೇಕಿಲ್ಲ, ಆದರೂ ಕಿವಿ ಕೇಳದವರಿಗಾಗಿ 'ಮಹಿಳೆ ಚೀರುತ್ತಾಳೆ' ಎಂದು ಬರೆಯಲೇಬೇಕು. ಸರಿಯಾದ ಕ್ಷಣ ಹಿಡಿಯಲು ಒಂದೇ ಚೀರಾಟವನ್ನು ಮತ್ತೆ ಮತ್ತೆ ಹಾಕಬೇಕು. ಹೆಡ್‌ಫೋನ್ ಹಾಕಿಕೊಂಡರೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಗಿ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಸ್ಪೀಕರಿನಲ್ಲಿ ಹಾಕುತ್ತಿದ್ದೆ.

ಬಾಡಿಗೆಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಯಾರೋ ಬಾಗಿಲು ದಬದಬ ಬಡಿದರು. ತೆಗೆದರೆ ಅಜ್ಜಿ, ಕೈಯಲ್ಲಿ ಮುದ್ದೆ ಕೋಲು.

"ಎಲ್ಲವ್ನೆ ಅವನು? ಹೊರಗೆ ಬರಕ್ಕೆ ಹೇಳು!"

ನನ್ನ ಗಂಡ ನನಗೆ ಹೊಡೆಯುತ್ತಿದ್ದಾನೆ ಎಂದುಕೊಂಡಿದ್ದರು. ಪಾಪ, ಜಿರಲೆ ಹೊಡೆಯಲೂ ನನ್ನನ್ನೇ ಕರೆಯುವ ಪ್ರಾಣಿ ಅದು! ಪರದೆ ತೋರಿಸಿದೆ. "ಅಯ್ಯೋ ದೇವುಡಾ! ಇಂಥದ್ದನ್ನ ಒಬ್ಳೇ ಕೂತ್ಕೊಂಡು ನೋಡ್ತೀಯೇನೆ?" ಎಂದರು. ಅಂದಿನಿಂದ ಮಧ್ಯಾಹ್ನ ಬಂದು, ಪರದೆಗೆ ಬೆನ್ನು ಹಾಕಿ, ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕೂರುತ್ತಿದ್ದರು. ನಾನು ಬೆಚ್ಚಿದರೆ "ಬಿಡ್ತು ಅನ್ನಮ್ಮ" ಎನ್ನುವರು. ಬಿಡ್ತು ಎಂದು ಮುಂದಿನ ಸಾಲು ಬರೆಯುತ್ತಿದ್ದೆ.

ಬೀದಿಯವರೂ ಒಗ್ಗಿಹೋದರು. ಎಂಥ ಕೂಗು ಕೇಳಿದರೂ "ಸಿನಿಮಾ ಅಮ್ಮನ ಮನೇದು" ಎಂದು ಸುಮ್ಮನಾಗುತ್ತಿದ್ದರು.

ಒಂದು ಸಂಜೆ ಅಜ್ಜಿ ಥಟ್ಟನೆ ತಿರುಗಿ "ಅದನ್ನ ನಿಲ್ಸು" ಎಂದರು. ನಿಲ್ಲಿಸಿದೆ. ಪಕ್ಕದ ಮನೆಯ ಗೋಡೆಯಾಚೆಯಿಂದ ಬಟ್ಟೆ ಒಗೆದಂಥ ಸದ್ದು. ಅದರ ಹಿಂದೆಯೇ ಯಾರೋ ಉಸಿರು ನುಂಗಿದ ಸದ್ದು.

"ಇದು ಸಿನಿಮಾದ್ದಲ್ಲ ಕಣೇ."

"ಯಾರೂ ಕೂಗ್ತಿಲ್ವಲ್ಲ ಅಜ್ಜಿ?"

"ಕೂಗಿದ್ರೆ ಇನ್ನೊಂದು ಬೀಳ್ತದೆ. ಸೆರಗು ಬಾಯಿಗೆ ತುರುಕ್ಕೊಂಡು ಅಳೋದು ಇದು. ನಂಗೊತ್ತಿಲ್ವಾ?" ಎಂದು ಹರಿದ ಕಿವಿ ಮುಟ್ಟಿಕೊಂಡರು.

ಎಷ್ಟು ದಿನದಿಂದ ನಡೆಯುತ್ತಿತ್ತೋ, ನನ್ನ ಸಿನಿಮಾದ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಅಜ್ಜಿ ಬರಿಗೈಲಿ ಹೋಗಿ ಆ ಬಾಗಿಲು ತಟ್ಟಿದರು. ಅವರ ಬೆನ್ನಿಗಂಟಿಕೊಂಡು ನಾನು. ಬಾಗಿಲು ತೆಗೆದವನ ಕೈಯಲ್ಲಿ ಬೆಲ್ಟಿತ್ತು.

"ಒಂಚೂರು ಹೆಪ್ಪು ಬೇಕಾಗಿತ್ತಪ್ಪ."

ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನನ್ನನ್ನೇ ಎಷ್ಟೋ ಸಲ ಗದರಿದ್ದವರು ಅವರು!

"ದೀಪ ಹಚ್ಚಾಯ್ತಲ್ಲಜ್ಜಿ, ಈಗ ಕೊಡಲ್ಲ."

"ಅದನ್ನ ಮನೆ ಹೆಣ್ಮಗಳು ಹೇಳ್ಬೇಕು. ಅವಳನ್ನ ಕರಿ. ಅಲ್ಲೀವರ್ಗೂ ನಾನು ಹೊಸ್ತಿಲು ಬಿಟ್ಟು ಕದಲಲ್ಲ."

ಅವನ ಕಣ್ಣು ನೋಡಿ ಅಜ್ಜಿಯ ಸೆರಗು ಹಿಡಿದುಕೊಂಡೆ. ಯಾವ ದೇಶದ ಸಿನಿಮಾಕ್ಕೂ ನಾನು ಅಷ್ಟು ಹೆದರಿದ್ದಿಲ್ಲ. ಒಳಗೆ ಕುಕ್ಕರ್ ಕೂಗುತ್ತಿತ್ತು. ಕೊನೆಗೆ ಅವನ ಹೆಂಡತಿಯೇ ಬಂದಳು, ಊದಿದ ಕೆನ್ನೆ, ಕೈಯಲ್ಲಿ ಹೆಪ್ಪಿನ ಬಟ್ಟಲು. ಅಜ್ಜಿ ಬಟ್ಟಲು ಬಿಟ್ಟು ಅವಳ ಮಣಿಕಟ್ಟು ಹಿಡಿದರು. "ನಮ್ಮನೇಗೆ ಬಾ ತಾಯಿ, ಖಾಲಿ ಬಟ್ಟಲು ಆಮೇಲೆ ತಗೊಂಡು ಬರೋವಂತೆ."

ಅವಳು ಮತ್ತೆ ಆ ಮನೆಗೆ ಹೋಗಲಿಲ್ಲ. ಕೆಲವು ದಿನ ಅಜ್ಜಿಯ ಹತ್ತಿರವಿದ್ದು ಮಂಚೇನಹಳ್ಳಿಯ ತವರಿಗೆ ಹೋದಳು. ಅವನು ನಮ್ಮ ಗೇಟಿನೆದುರು ಬೈಕು ನಿಲ್ಲಿಸಿಕೊಂಡು ದಿಟ್ಟಿಸುತ್ತಿದ್ದ. ಅಜ್ಜಿ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು. "ಭಯ ಆಗ್ತದಮ್ಮ, ಆಗ್ದೆ ಏನು? ಹಂಗಂತ ಕಿವಿ ಮುಚ್ಕೊಳ್ಳಕ್ಕಾಗ್ತದಾ?"

ಕಳೆದ ಚಳಿಗಾಲದಲ್ಲಿ ಅಜ್ಜಿ ಹೋದರು. ಸುದ್ದಿ ತಿಳಿದು ಅವಳು ಮಂಚೇನಹಳ್ಳಿಯಿಂದ ಬಸ್ಸು ಹಿಡಿದು ಬಂದಳು. ಜಗುಲಿಯ ಮೇಲೆ ಮಲಗಿಸಿದ್ದ ಅಜ್ಜಿಯ ಪಾದ ಹಿಡಿದು ಕೂತಳು. ರೂಢಿಯಂತೆ ಸೆರಗು ಬಾಯಿಗೆ ಹೋಯಿತು. ಮರುಕ್ಷಣ ಅದನ್ನು ಎಳೆದು ಬಿಸಾಕಿ ಬಾಯಿಬಿಟ್ಟು ಅತ್ತಳು. ಬೀದಿಯ ಒಂದೊಂದೇ ಬಾಗಿಲು ತೆರೆಯಿತು.