ರಾಜನ ಹಣೆಯ ಕುಂಕುಮ

ಕೆಲಸ ಹೋದ ವರ್ಷ ನಾನು ಕಂಡವರ ಮನೆ ಸಾಮಾನು ಒಡೆದು ಬದುಕಿದೆ. ಕಳ್ಳತನವಲ್ಲ, ಕೂಲಿ. ಅಮೆರಿಕದ ಪಿಸ್ಕಾಟವೇ ಊರಿನ ಟೆಲಿಕಾಂ ಆಫೀಸಿನಲ್ಲಿ ಹನ್ನೊಂದು ವರ್ಷ ದುಡಿದವನನ್ನು ಒಂದು ಮಧ್ಯಾಹ್ನ ರಟ್ಟಿನ ಡಬ್ಬ ಕೊಟ್ಟು ಕಳುಹಿಸಿದ್ದರು. ಬ್ಯಾಂಕು ಜಪ್ತಿ ಮಾಡಿಕೊಂಡ ಮನೆಗಳನ್ನು ಖಾಲಿ ಮಾಡಿಸುವ ಗುತ್ತಿಗೆ ಉಡುಪಿ ಕಡೆಯ ಅಂಕಲ್ ಒಬ್ಬರದಾಗಿತ್ತು. ಅವರು ನನ್ನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟರು. ಮನೆಯ ಮುಂದೆ ನಿಲ್ಲಿಸಿದ ಡಂಪ್‌ಸ್ಟರ್ ಎಂಬ ದೊಡ್ಡ ಕಸದ ತೊಟ್ಟಿಯಲ್ಲಿ ಹಿಡಿಸದ ಸಾಮಾನನ್ನು ಒಡೆದು ಎಸೆಯುವುದು ನನ್ನ ಪಾಲಿನ ಕೆಲಸ.

ನಿಜ ಹೇಳಿಬಿಡುತ್ತೇನೆ, ಆ ಕೆಲಸ ನನಗೆ ಹಿಡಿಸಿತು. ಕೋಪ ಮೊದಲಿಂದಲೂ ನನ್ನ ಮೂಗಿನ ತುದಿಯಲ್ಲೇ. ಊಟದ ಮೇಜು ಎರಡು ಏಟಿಗೆ ಹೋಗುತ್ತಿತ್ತು, ಬೀರು ನಾಲ್ಕಕ್ಕೆ. ನಿಲುವುಗನ್ನಡಿ ಒಡೆಯುವಾಗಲಂತೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಸಂಜೆ ಹೆಂಡತಿಯ ಜೊತೆ ಜಗಳವಾಡಲೂ ತೋಳಿನಲ್ಲಿ ಕಸುವು ಉಳಿದಿರುತ್ತಿರಲಿಲ್ಲ. ಅವಳಿಗೆ ಅದೇ ಒಂದು ನೆಮ್ಮದಿ.

ಚಳಿಗಾಲದ ಒಂದು ಬೆಳಿಗ್ಗೆ ಹೋದ ಮನೆ ನಮ್ಮವರದೇ ಎಂದು ಹೊಸ್ತಿಲ ಅರಿಶಿನದಿಂದಲೇ ಗೊತ್ತಾಯಿತು. ದೇವರನ್ನೆಲ್ಲ ಒಯ್ದಿದ್ದರು. ಮಹಡಿಯ ಕೋಣೆಯಲ್ಲಿ ಮಾತ್ರ ಒಂದು ದೊಡ್ಡ ಚಿತ್ರ ಗೋಡೆಗೆ ಒರಗಿತ್ತು. ಐನೂರು ವರ್ಷದ ಹಿಂದಿನ ಇಂಗ್ಲೆಂಡಿನ ರಾಜ, ಕಪ್ಪು ಟೋಪಿ, ಬಿಗಿದ ತೆಳ್ಳನೆ ತುಟಿ. ಯಾರೋ ಹಳೆಯ ಚಿತ್ರವೊಂದನ್ನು ನೋಡಿಕೊಂಡು ಕೈಯಾರೆ ಬರೆದದ್ದು. ಒಂದು ಕೈ ಇನ್ನೂ ಪೆನ್ಸಿಲ್ ಗೆರೆಯಲ್ಲೇ ಇತ್ತು. ರಾಜನ ಹಣೆಯಲ್ಲಿ ಕುಂಕುಮ.

ನನ್ನ ಮೈ ಉರಿದುಹೋಯಿತು. ಮೂವತ್ತಮೂರು ಕೋಟಿ ದೇವರು ಸಾಲದೆ ಇಂಗ್ಲೆಂಡಿನ ರಾಜನಿಗೂ ಪೂಜೆಯೇ? ನಮ್ಮವರ ಬುದ್ಧಿಗಿಷ್ಟು ಬೆಂಕಿ ಹಾಕ! ಜೊತೆಗೆ ಅವನ ಆ ನೋಟ ಬೇರೆ. ನನ್ನನ್ನು ಕೆಲಸದಿಂದ ತೆಗೆದ ಮ್ಯಾನೇಜರ್ ಕೂಡ ಹೀಗೇ ನನ್ನ ಮುಖ ಬಿಟ್ಟು ಪಕ್ಕಕ್ಕೆ ನೋಡುತ್ತಾ ಮಾತಾಡಿದ್ದ. ಸುತ್ತಿಗೆ ಎತ್ತಿ ನೇರ ಮುಖಕ್ಕೆ ಬಾರಿಸಿದೆ. ಕ್ಯಾನ್‌ವಾಸು ಹರಿದು ಸುತ್ತಿಗೆ ಹಿಂದಿನ ಗೋಡೆಗೆ ಬಡಿಯಿತು. ಇನ್ನೊಂದು ಏಟಿಗೆ ಕಟ್ಟು ಮುರಿಯಿತು. ಕಿಟಕಿಯಿಂದ ಕೆಳಗಿನ ಡಂಪ್‌ಸ್ಟರ್‌ಗೆ ಎಸೆದೆ.

ಅರ್ಧ ಗಂಟೆಯಲ್ಲಿ ಮನೆಯ ಹಳೆಯ ಯಜಮಾನ ಬಂದ. ನನ್ನದೇ ವಯಸ್ಸು. ಏನೂ ಬೇಡ, ಮಹಡಿಯ ಮೇಲಿನ ಪೇಂಟಿಂಗ್ ಒಂದು ಸಾಕು, ಅದು ತನ್ನ ಹೆಂಡತಿ ಬರೆದದ್ದು ಎಂದು ಇಂಗ್ಲಿಷಿನಲ್ಲಿ ಬೇಡಿದ. ಮಾತಾಡುತ್ತಲೇ ಅವನ ಕಣ್ಣಿಗೆ ಅದು ಬಿತ್ತು. ಡಂಪ್‌ಸ್ಟರ್ ಹತ್ತಿ, ಗಾಜು ಚುಚ್ಚಿ ಕೈಯಲ್ಲಿ ರಕ್ತ ಸುರಿಯುತ್ತಿದ್ದರೂ ಬಿಡದೆ, ಚಿತ್ರವನ್ನು ಎಳೆದುಕೊಂಡು ಇಳಿದ. ನಾವು ಬರುವ ಮೊದಲೇ ಹರಿದಿತ್ತು ಎಂದು ನಾನೂ ಇಂಗ್ಲಿಷಿನಲ್ಲೇ ಸುಳ್ಳು ಹೇಳಿದೆ. ಅವನು ನಂಬಿದ. ಥ್ಯಾಂಕ್ಸ್ ಕೂಡ ಹೇಳಿದ.

ಅಷ್ಟರಲ್ಲಿ ಅಂಕಲ್ ಒಳಗಿನಿಂದ ಕೂಗಿದರು: "ಎಂತ ಮಾರಾಯ, ಆ ಫೋಟೋ ಒಡ್ದ ಹಾಗೆ ಈ ಸೋಫಾವನ್ನೂ ಒಡ್ದು ಹಾಕು, ಬೇಗ!"

ಹೊರಟಿದ್ದವನು ನಿಂತ.

"ಕನ್ನಡದವ್ರಾ ನೀವು?"

ನಾನು ಸುತ್ತಿಗೆಯನ್ನು ಕೆಳಗಿಟ್ಟೆ.

"ಆಯುಧ ಪೂಜೆ ದಿನ ಬ್ರಶ್‌ಗೆಲ್ಲಾ ಕುಂಕುಮ ಇಟ್ಟು ಇದಕ್ಕೂ ಇಟ್ಳು. ಆಮೇಲೆ ಆಸ್ಪತ್ರೆ ಸೇರಿದೋಳು ವಾಪಸ್ ಬರ್ಲಿಲ್ಲ." ಅವನ ದನಿ ಏರಲಿಲ್ಲ. "ಬೇರೆಯವ್ರು ಒಡೆದಿದ್ರೆ ಗೊತ್ತಾಗ್ಲಿಲ್ಲ ಅನ್ಬೋದಿತ್ತು ಸರ್. ನಿಮ್ಗೆ ಕುಂಕುಮ ಕಾಣ್ಲಿಲ್ವಾ?"

ಪ್ರತಿ ವರ್ಷ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವವನು ನಾನು. ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದವನು. ತಪ್ಪಾಯಿತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾಚಿಕೆ ಮಾತಾಗುವುದರೊಳಗೆ ಕೋಪವಾಗಿಬಿಟ್ಟಿತ್ತು. ಅವನ ಬಾಯಿಗೇ ಗುದ್ದಿದೆ. ತುಟಿ ಸೀಳಿ ರಕ್ತ ಚಿಮ್ಮಿತು. ಮತ್ತೆ ಗುದ್ದಿದೆ, ಮೂಗಿಗೆ. ಮೂಳೆ ಮುರಿದದ್ದು ನನ್ನ ಮುಷ್ಟಿಗೆ ಗೊತ್ತಾಯಿತು. ಹಿಮದ ಮೇಲೆ ಬಿದ್ದವನಿಗೆ ಬೂಟುಗಾಲಿನಿಂದ ಒದೆಯುತ್ತಿದ್ದಾಗ ಅಂಕಲ್ ಓಡಿ ಬಂದು ನನ್ನ ಕುತ್ತಿಗೆ ಹಿಡಿದು ಎಳೆದರು.

ಎಂಥ ಹೇಡಿ, ತಿರುಗಿ ಒಂದು ಏಟೂ ಹಾಕಲಿಲ್ಲವಲ್ಲ ಎಂದು ಏದುಸಿರು ಬಿಡುತ್ತಾ ಅವನನ್ನು ನೋಡಿದೆ. ಮುಖಕ್ಕೆ ಅಡ್ಡ ತರಲು ಅವನ ಕೈ ಖಾಲಿ ಇರಲಿಲ್ಲ. ಎರಡೂ ಕೈಯಲ್ಲಿ ಹೆಂಡತಿ ಬರೆದ ಚಿತ್ರವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.