ಐದು ಸಲ ಅಳಿಸಿದ ನೀರಿನ ಗೆರೆ

ಕಳೆದ ವಾರ ಏಳನೇ ತರಗತಿಯಲ್ಲಿ ಒಂದು ಡ್ರಾಯಿಂಗ್ ಹಾಳೆಯ ಮೇಲಿದ್ದ ರಬ್ಬರ್ ಪುಡಿಯನ್ನು ಊದಿದೆ. ಊದುವುದಕ್ಕೆ ಮೂಗನ್ನು ಅಷ್ಟು ಹತ್ತಿರ ಒಯ್ಯಬಾರದಿತ್ತು. ಉಜ್ಜಿ ಉಜ್ಜಿ ಬೆಚ್ಚಗಾದ ರಬ್ಬರಿನ ವಾಸನೆ ನಿಮಗೆ ನೆನಪಿದೆಯೇ? ಅದನ್ನು ಮೂಸಿದರೆ ಬಾಲ್ಯ ನೆನಪಾಗುತ್ತದೆ ಎನ್ನುವವರಿದ್ದಾರೆ. ನನಗೆ ಮಾತ್ರ ಅದು ಮೂಗಿಗೆ ಬಡಿದೊಡನೆ ಎರಡೂ ಕಾಲುಗಳು ತಾವಾಗಿ ನೆಲ ಬಿಟ್ಟು ಮೇಲೇಳುತ್ತವೆ. ಅಂದೂ ಎದ್ದವು. ಕುರ್ಚಿಯ ಮೇಲೆ ಕಾಲು ಮಡಚಿ ಕೂತ ನನ್ನನ್ನು ಕಂಡು ಆ ಹಾಳೆಯ ಒಡತಿ ನಿಶಾ, "ಅಕ್ಕೋರೆ, ಇಲಿ ಬಂತಾ?" ಎಂದು ಕೇಳಿದಳು.

ಇಲಿಯಲ್ಲ, ಸಮುದ್ರ ಎಂದು ಹೇಗೆ ಹೇಳುವುದು? ಕಾರವಾರದ ಈ ಶಾಲೆಯಲ್ಲಿ ನನ್ನ ತರಗತಿ ಇರುವುದು ಮೊದಲ ಮಹಡಿಯಲ್ಲಿ.

ಸಮುದ್ರಕ್ಕೂ ನನಗೂ ಹುಟ್ಟಿನಿಂದ ಬಂದ ಸಂಬಂಧ ಏನೂ ಇಲ್ಲ. ನಾನು ಗದಗದ ಕಡೆಯವಳು. ನಮ್ಮೂರಲ್ಲಿ ಒಂದು ಕೆರೆಯಿದೆ. ಅದರ ನೀರು ಒಂದು ಮೆಟ್ಟಿಲು ಏರಬೇಕಾದರೆ ಒಂದು ಒಳ್ಳೆಯ ಮಳೆಗಾಲ ಬೇಕು, ಇಳಿಯಬೇಕಾದರೆ ಒಂದು ಬೇಸಿಗೆ ಬೇಕು. ಬೆಳಿಗ್ಗೆ ಎಲ್ಲಿ ಬಟ್ಟೆ ಒಗೆದೆವೋ ಸಂಜೆಯೂ ನೀರು ಅಲ್ಲೇ ಇರುತ್ತದೆ. ನೀರು ಎಂದರೆ ಇಟ್ಟಲ್ಲಿ ಇರುವ ವಸ್ತು ಎಂಬ ನಂಬಿಕೆಯಲ್ಲಿ ಬೆಳೆದು, ಧಾರವಾಡದಲ್ಲಿ ಐದು ವರ್ಷ ಚಿತ್ರಕಲೆ ಕಲಿತು, ಹನ್ನೊಂದು ವರ್ಷಗಳ ಹಿಂದೆ ಬೇಲೆಕೇರಿಯ ಹತ್ತಿರದ ಒಂದು ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದೆ. ಈ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಇಪ್ಪತ್ನಾಲ್ಕನೇ ವಯಸ್ಸಿಗೆ, ಸಾಮಾನು ಇಳಿಸುವ ಮೊದಲೇ, ನಾನೂ ಅಕ್ಕೋರಾಗಿಬಿಟ್ಟೆ.

ಬರುವಾಗ ಟ್ರಂಕಿನಲ್ಲಿ ಬಣ್ಣದ ಜೊತೆಗೆ ಕಾಲೇಜಿನ ಎರಡು ನಿಯಮಗಳನ್ನೂ ತಂದಿದ್ದೆ. ಒಂದು, ಗೊತ್ತಿರುವುದನ್ನು ಬರೆಯಬೇಡಿ, ಕಾಣುವುದನ್ನು ಬರೆಯಿರಿ. ಎರಡು, ಚಿತ್ರ ಮುಗಿಯುವವರೆಗೆ ಕೂತ ಜಾಗ ಬಿಟ್ಟು ಏಳಬೇಡಿ, ಎದ್ದರೆ ನೋಟ ಬದಲಾಗುತ್ತದೆ. ಇವೆರಡನ್ನು ಮಕ್ಕಳ ತಲೆಗೆ ತುಂಬಿದರೆ ಕರಾವಳಿಯ ಕಲೆ ಉದ್ಧಾರವಾಗುತ್ತದೆ ಎಂದು ನಾನು ಮನಸಾರೆ ನಂಬಿದ್ದೆ.

ಆ ಮಕ್ಕಳೋ, ಗೊತ್ತಿದ್ದುದನ್ನೆಲ್ಲ ಬರೆಯುತ್ತಿದ್ದರು. ದೋಣಿ ಬರೆದರೆ ನೀರಿನೊಳಗಿನ ಅರ್ಧವನ್ನೂ ಬರೆಯುತ್ತಿದ್ದರು, ಅದಕ್ಕೆ ಅಂಟಿದ ಚಿಪ್ಪು ಸಮೇತ. ಆರನೇ ತರಗತಿಯ ಸುರೇಖಾ ಎಂಬ ಹುಡುಗಿ ಬಂಗಡೆ ಮೀನು ಬರೆದು ಅದರ ಹೊಟ್ಟೆಯಲ್ಲಿ ಸಾಲಾಗಿ ಮೊಟ್ಟೆ ಇಟ್ಟಿದ್ದಳು.

"ಇದು ನಿನಗ ಹೆಂಗ ಕಾಣಿಸ್ತವಾ?" ಎಂದೆ.

"ಕಾಣ್ಸೂದಿಲ್ಲ ಅಕ್ಕೋರೆ. ಆದ್ರೆ ಇರ್ತದೆ."

"ಕಾಣಿಸದಿದ್ದರ ಬರೀಬಾರದು."

"ಇರ್ತದಲ್ರಾ ಆದ್ರೆ!"

ನಾಲ್ಕು ತಿಂಗಳು ಹೆಣಗಿ ಬಂಗಡೆಯ ಹೊಟ್ಟೆ ಖಾಲಿ ಮಾಡಿಸಿದೆ. ದೋಣಿಗಳನ್ನು ನೀರಿನ ಗೆರೆಯಲ್ಲಿ ಕತ್ತರಿಸಿದೆ. ಡಿಸೆಂಬರ್ ಹೊತ್ತಿಗೆ ಯಾರೂ ಏನನ್ನೂ ತಿಳಿದು ಬರೆಯದಂತಾಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇನ್ನು ಇವರನ್ನು ಹೊರಗೆ ಕರೆದೊಯ್ಯಬಹುದು ಎನಿಸಿತು.

ಅದು ಶನಿವಾರ, ಬೆಳಗಿನ ಶಾಲೆ. ಅಮಾವಾಸ್ಯೆ ಕಳೆದು ಮೂರನೇ ದಿನ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಅಮಾವಾಸ್ಯೆ ಎಂದರೆ ಹೊಸ ಬಟ್ಟೆ ತರಬಾರದ ದಿನ, ಅಷ್ಟೇ. ದಂಡೆಯಿಂದ ಸ್ವಲ್ಪ ದೂರ ಒಂದು ಚಪ್ಪಟೆ ಕರಿಬಂಡೆಯಿತ್ತು. ಅಲ್ಲಿಯವರೆಗೆ ಚೊಕ್ಕ ಮರಳಿನ ದಾರಿ, ನನಗಾಗಿಯೇ ಗುಡಿಸಿಟ್ಟಂತೆ. ಬಂಡೆಯ ಮೇಲೆ ಕೂತರೆ ಹಳೆಯ ಅದಿರು ಬಂದರಿನ ತುಕ್ಕು ಹಿಡಿದ ಕಂಬಗಳು, ಅದರ ಹಿಂದೆ ಗುಡ್ಡ, ಮುಂದೆ ನೀರಿನಿಂದ ತಲೆ ಎತ್ತಿದ ಮೂರು ಕಲ್ಲುಗಳು. ಕಾಲೇಜಿನ ಪರೀಕ್ಷೆಯಲ್ಲಿ ಕೂಡ ಇಷ್ಟು ಒಳ್ಳೆಯ ನೋಟ ಸಿಕ್ಕಿರಲಿಲ್ಲ. ಹದಿನಾಲ್ಕು ಮಕ್ಕಳನ್ನು ರಟ್ಟು, ಹಾಳೆ, ಪೆನ್ಸಿಲ್ ಸಮೇತ ನಡೆಸಿಕೊಂಡು ಹೋದೆ.

"ಎಷ್ಟೊತ್ತು ಕೂಡ್ರೂದು ಅಕ್ಕೋರೆ?" ಸುರೇಖಾ ಕೇಳಿದಳು.

"ಚಿತ್ರ ಮುಗಿಯೂತನಕ. ನಡುವ ಯಾರೂ ಏಳಬಾರದು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ನಾನು ಕಲೆಯ ಉತ್ಸಾಹ ಎಂದು ತಿಳಿದೆ.

ಅರ್ಧ ಗಂಟೆಯಾಗಿರಬೇಕು. "ಅಕ್ಕೋರೆ, ನೀರಿನ ಗೆರೆ ಅಳ್ಸ್ಲಾ?" ಎಂದಳು ಸುರೇಖಾ. ಅಳಿಸು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮೂರನೇ ಸಲ ಕೇಳಿದಾಗ ನನಗೆ ರೇಗಿತು. "ಎಷ್ಟ್ ಸಲ ಅಳಸ್ತೀ? ಹಾಳಿ ತೂತ ಬೀಳ್ತದ. ಮೊದಲ ಚಂದಂಗ ನೋಡಬೇಕು, ಆಮ್ಯಾಲ ಒಂದ ಗೆರಿ ಧೈರ್ಯದಿಂದ ಎಳೀಬೇಕು" ಎಂದು ಎಲ್ಲರಿಗೂ ಕೇಳುವಂತೆ ಭಾಷಣ ಮಾಡಿದೆ. ಕಲಾವಿದನಿಗೆ ದೃಢತೆ ಬೇಕು ಎಂಬ ವಿಷಯದ ಮೇಲೆ ಹತ್ತು ನಿಮಿಷವಾದರೂ ಮಾತಾಡಿದ್ದೇನೆ. ಸುರೇಖಾ ತಲೆ ತಗ್ಗಿಸಿ ಕೇಳಿ, ನಾಲ್ಕನೇ ಸಲ ಅಳಿಸಿದಳು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಇಷ್ಟು ದೂರ ಜೊತೆಗೆ ಬಂದಿದ್ದೀರಿ, ಹೇಳಿಬಿಡುತ್ತೇನೆ. ನಾನೂ ಒಂದು ಚಿತ್ರ ಬರೆಯುತ್ತಿದ್ದೆ. ಮೂರು ಕಲ್ಲುಗಳಿಗೆ ನೆರಳು ಹಾಕೋಣ ಎಂದು ತಲೆ ಎತ್ತಿದರೆ ಒಂದೇ ಕಲ್ಲಿದೆ. ಹಾಳೆಯಲ್ಲಿ ಮೂರು, ಎದುರಿಗೆ ಒಂದು. ಕಲಿತ ಯಾರಾದರೂ ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಮೊದಲು ನೋಡಿದಾಗ ನನ್ನ ಕಣ್ಣೇ ತಪ್ಪಿತ್ತು ಎಂದುಕೊಂಡೆ. ರಬ್ಬರ್ ತೆಗೆದು ಎರಡು ಕಲ್ಲುಗಳನ್ನು ಅಳಿಸಿದೆ. ಕಾಣುವುದನ್ನು ತಾನೇ ಬರೆಯಬೇಕು?

ಮೂರನೆಯ ಕಲ್ಲನ್ನು ಅಳಿಸುವ ಮೊದಲು ದಂಡೆಯಿಂದ ಒಂದು ಕೂಗು ಕೇಳಿತು.

"ಏ ಅಕ್ಕೋರೇ! ಮಕ್ಕಳ್ನ ಎಂತ ಮೀನಿಗೆ ಹಾಕೂಕೆ ಕರ್ಕಂಡ್ ಹೋಗೀರೇನ್ರಾ?"

ಮರಳಿನಲ್ಲಿ ಬೆಳಚು ಚಿಪ್ಪು ಆರಿಸಲು ಬಂದಿದ್ದ ಮಾದೇವಿ ಅಜ್ಜಿ, ಸುರೇಖಾಳ ಅಜ್ಜಿ. ಅವಳ ಕಡೆ ತಿರುಗಿದೆ. ನಾವು ನಡೆದು ಬಂದಿದ್ದ ಮರಳಿನ ದಾರಿ ಇರಲಿಲ್ಲ. ಅಜ್ಜಿಗೂ ನಮಗೂ ನಡುವೆ ಸಮುದ್ರ ಇತ್ತು, ಅದು ನಡೆಯುತ್ತಿತ್ತು.

ನನಗೆ ಈಜು ಬರುವುದಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಹನ್ನೆರಡು ಮಂದಿಗೆ ಬರುತ್ತಿತ್ತು, ಅವರೇ ನನ್ನನ್ನು ಸಮಾಧಾನ ಮಾಡತೊಡಗಿದರು. ಅಷ್ಟರಲ್ಲಿ ಅಜ್ಜಿ ಸೀರೆ ಕಚ್ಚೆ ಬಿಗಿದು, ಜೊತೆಗಿದ್ದ ಇಬ್ಬರು ಹೆಂಗಸರನ್ನು ಎಳೆದುಕೊಂಡು ಸೊಂಟದ ನೀರಿನಲ್ಲಿ ನಡೆದು ಬಂದಳು. "ಕೈ ಕೈ ಹಿಡ್ಕಣಿ. ಸಣ್ಣೋರು ನಡೂಕೆ. ಅಕ್ಕೋರೆ, ನೀವೂ ಸಣ್ಣೋರ ಸಂಗ್ತಿಗೆ." ಇಷ್ಟೇ ಅವಳ ಅಪ್ಪಣೆ. ಸಾಲು ಹೊರಟಿತು. ಅರ್ಧ ದಾರಿ ಸರಿಯಾಗಿಯೇ ಬಂದೆವು. ಆಗ ಒಂದು ಅಲೆ ರಟ್ಟುಗಳ ಹತ್ತಿರ ಬಂದದ್ದು ಕಂಡು, ನಾಲ್ಕು ತಿಂಗಳಿನಿಂದ ಬಾಯಿಗೆ ರೂಢಿಯಾದ ಮಾತು ನನ್ನ ಬಾಯಿಂದ ಹೊರಬಿತ್ತು.

"ಚಿತ್ರ ತೋಯಿಸಬ್ಯಾಡ್ರಿ!"

ನನ್ನ ಮಾತನ್ನು ಎಂದೂ ಮೀರದವಳು ಸುರೇಖಾ. ಎರಡೂ ಕಡೆಯ ಕೈ ಬಿಟ್ಟು ರಟ್ಟನ್ನು ತಲೆಯ ಮೇಲೆ ಎತ್ತಿದಳು. ಮುಂದಿನ ಅಲೆಗೆ ಅವಳ ಕಾಲು ನೆಲ ಬಿಟ್ಟಿತು. ಈಜಲು ಬರುತ್ತಿತ್ತು ಅವಳಿಗೆ. ಆದರೆ ಈಜಲು ಕೈ ಬೇಕು, ಕೈಗಳಲ್ಲಿ ಚಿತ್ರವಿತ್ತು. ಅವಳ ತಲೆ ಕಾಣಲಿಲ್ಲ. ನೀರಿನ ಮೇಲೆ ಎರಡು ಮುಂಗೈ, ಅವುಗಳ ಮೇಲೆ ಮಟ್ಟಸವಾಗಿ ಹಿಡಿದ ಒಂದು ರಟ್ಟು. ಅದು ನಿಧಾನವಾಗಿ ನನ್ನಿಂದ ದೂರ ಹೋಗುತ್ತಿತ್ತು.

ಒಂದು ಸಲ ಸೀನುವಷ್ಟು ಹೊತ್ತು ಎಂದು ಅಜ್ಜಿ ಆಮೇಲೆ ಹೇಳಿದಳು. ಇರಬಹುದು. ನಾನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಬಚ್ಚಲಲ್ಲಿ ಬಕೆಟ್ ತುಂಬುವ ಸದ್ದಾದರೆ ಎದ್ದು ಹೋಗಿ ನಲ್ಲಿ ನಿಲ್ಲಿಸುತ್ತೇನೆ. ನನ್ನ ಗಂಡ ಅರ್ಧ ಬಕೆಟ್ಟಿನ ಸ್ನಾನಕ್ಕೆ ಒಗ್ಗಿಕೊಂಡಿದ್ದಾರೆ.

ಅಜ್ಜಿ ಜಡೆಗೆ ಕೈ ಹಾಕಿ ಮೊಮ್ಮಗಳನ್ನು ಎಳೆದು, ಕಂಕುಳಲ್ಲಿ ಇರುಕಿಕೊಂಡೇ ದಂಡೆ ಸೇರಿದಳು. ಮರಳಿನ ಮೇಲೆ ಕೂರಿಸಿ ಬೆನ್ನಿಗೆ ಗುದ್ದಿದ ಮೇಲೆ ಸುರೇಖಾ ಒಂದಷ್ಟು ನೀರು ಕಾರಿದಳು. ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು.

"ಅಕ್ಕೋರೆ, ಒಂದ್ ಮೂಲೆ ಮಾತ್ರ ಒದ್ದೆ ಆಯ್ತು."

ಅಜ್ಜಿ ಮೊಮ್ಮಗಳ ಮೇಲೆ ಹರಿಹಾಯ್ದಳು. "ಭರತಿ ಬತ್ತದೆ, ನೀರ್ ಏರ್ತದೆ ಅಂದ್ ಗೊತ್ತಿರ್ಲಿಲ್ವೇನೆ ನಿಂಗೆ? ಹುಟ್ಟಿದ್ದೇ ದಂಡೆ ಮೇಲೆ!"

"ಗೊತ್ತಿತ್ತಜ್ಜಿ."

"ಮತ್ತೆ ಬಾಯಿ ಎಲ್ಲಿಟ್ಟಿದ್ದೆ?"

"ಗೊತ್ತಿದ್ದದ್ದು ಬರೀಬಾರ್ದು, ಕಂಡದ್ದೇ ಬರೀಬೇಕು ಅಂದಿದ್ರು ಅಕ್ಕೋರು. ನಾ ಕಂಡ್ ಹಾಗೇ ಅಳ್ಸಿ ಅಳ್ಸಿ ಬರ್ದೆ."

ಅಜ್ಜಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಅಕ್ಕೋರು ಎಷ್ಟ್ ಓದೀರಿ?" ಎಂದು ಕೇಳಿದಳು. ನಾನು ಎರಡು ಡಿಗ್ರಿಗಳನ್ನೂ ಹೇಳಿದೆ. ಆ ಹೊತ್ತಿನಲ್ಲಿ ಯಾಕೆ ಹೇಳಿದೆನೋ ಈಗಲೂ ತಿಳಿಯುವುದಿಲ್ಲ.

ಸೋಮವಾರ ಹೆಡ್ ಮಾಸ್ತರರ ಎದುರು ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಮಾತು ಕಡಿಮೆಯ ಮನುಷ್ಯ. "ಅಕ್ಕೋರೆ, ಹೂಜಿ ಬರ್ಸೂಕೆ ಆಗೂದಿಲ್ವಾ?" ಎಂದರು. ಎದ್ದು, ಆಫೀಸಿನ ಮೂಲೆಯಲ್ಲಿದ್ದ ತಮ್ಮ ಕುಡಿಯುವ ನೀರಿನ ಹೂಜಿಯನ್ನು ತಂದು, ಒಳಗಿನ ನೀರನ್ನೂ ಚೆಲ್ಲಿ, ಖಾಲಿ ಹೂಜಿಯನ್ನು ನನ್ನ ಕೈಗಿಟ್ಟರು. ಅವರ ಎಚ್ಚರಿಕೆ ಆ ಮಟ್ಟದ್ದು.

ಮಾದೇವಿ ಅಜ್ಜಿಯೂ ಅಂದು ಮಧ್ಯಾಹ್ನ ಶಾಲೆಗೆ ಬಂದಳು. ಬಾಗಿಲಲ್ಲಿ ಅವಳನ್ನು ಕಂಡಾಗ, ಮೊಮ್ಮಗಳನ್ನು ನನ್ನ ತರಗತಿಯಿಂದ ಬಿಡಿಸಲು ಬಂದಳೆಂದೇ ತಿಳಿದೆ. ಬಿಡಿಸಿದರೂ ತಪ್ಪೇನಿರಲಿಲ್ಲ.

"ಆ ಚಿತ್ರಕ್ಕೆ ಎಷ್ಟ್ ಮಾರ್ಕ್ ಕೊಟ್ರಿ?" ಎಂದಳು.

"ಯಾವ ಚಿತ್ರ ಅಜ್ಜಿ?"

"ಅದೇ ರಾ, ನಮ್ ಹೆಣ್ಣು ಮುಳ್ಗಿ ಹಿಡ್ಕಂಡಿದ್ದು."

ಬೀರುವಿನಿಂದ ತೆಗೆದು ತೋರಿಸಿದೆ. ಅಲ್ಲಿಯವರೆಗೆ ನಾನೂ ಸರಿಯಾಗಿ ನೋಡಿರಲಿಲ್ಲ. ನೀರಿನ ಗೆರೆ ಐದು ಕಡೆ ಎಳೆದು ಅಳಿಸಿತ್ತು. ಒಂದರ ಮೇಲೊಂದು ಐದು ಮಸುಕು ಗೆರೆಗಳು, ಹಾಳೆ ಅಲ್ಲೆಲ್ಲ ಸವೆದು ಬೆಳಕು ತೂರುವಷ್ಟು ತೆಳ್ಳಗಾಗಿತ್ತು. ಕೊನೆಯ ಗೆರೆ ನಾವು ಕೂತ ಬಂಡೆಯ ಅಂಚಿಗೇ ಬಂದಿತ್ತು. ಅಂದು ಆ ಬಂಡೆಯ ಮೇಲೆ ಸಮುದ್ರವನ್ನು ನಿಜವಾಗಿ ನೋಡಿ ಬರೆದವಳು ಒಬ್ಬಳೇ. ಅವಳಿಗೆ ನಾನು ನೋಡಲು ಕಲಿ ಎಂದು ಬುದ್ಧಿ ಹೇಳಿದ್ದೆ.

"ಹತ್ತಕ್ಕೆ ಹತ್ತು" ಎಂದೆ.

"ಹ್ಞಾಂ" ಎಂದಳು ಅಜ್ಜಿ, ಕಡಿಮೆ ಕೊಟ್ಟಿದ್ದರೆ ಬೇರೆ ಮಾತಿತ್ತು ಎಂಬಂತೆ. "ನೀವು ಸಂಜೆಗೆ ದಂಡೆಗೆ ಬರಿ."

ಹೀಗೆ ನನ್ನ ಮೂರನೇ ಡಿಗ್ರಿ ಶುರುವಾಯಿತು. ಅಜ್ಜಿ ನೀರಿನಂಚಿಗೆ ಒಂದು ಕೋಲು ಊರುತ್ತಿದ್ದಳು. ನಾನು ನೋಡಿ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬೇಕು. ಮೊದಲ ದಿನ ಏರುತ್ತಿದೆ ಎಂದೆ, ಇಳಿಯುತ್ತಿತ್ತು. ಎರಡನೇ ದಿನ ಇಳಿಯುತ್ತಿದೆ ಎನ್ನುವಷ್ಟರಲ್ಲಿ ನನ್ನ ಒಂದು ಚಪ್ಪಲಿ ತೇಲಿಹೋಯಿತು. "ನಪಾಸು!" ಎಂದು ಅಜ್ಜಿ ಕೂಗಿದರೆ ದೋಣಿಯ ಮೇಲೆ ಕೂತು ನೋಡುತ್ತಿದ್ದ ನನ್ನ ವಿದ್ಯಾರ್ಥಿಗಳೆಲ್ಲ ಚಪ್ಪಾಳೆ ತಟ್ಟುವರು. ತಿಂಗಳ ಕೊನೆಗೆ ಒದ್ದೆ ಮರಳಿನ ಬಣ್ಣ ನೋಡಿಯೇ ಹೇಳಬಲ್ಲವಳಾದೆ. ಅಜ್ಜಿ ಪಾಸು ಎನ್ನಲಿಲ್ಲ. "ಈಗ ಗೊತ್ತಾತು. ಆದ್ರೆ ಮಕ್ಕಳ್ನ ಕರ್ಕಂಡ್ ಬಂದು ಕೂಡ್ಸಿ, ಆಗ ನೋಡ್ವ" ಎಂದಳು.

ಆ ಪರೀಕ್ಷೆಗೆ ನಾನು ಕೂರಲೇ ಇಲ್ಲ. ಮರುವರ್ಷ ಕಾರವಾರಕ್ಕೆ ವರ್ಗವಾಯಿತು. ಅಂದಿನಿಂದ ನನ್ನ ಮಕ್ಕಳು ಹೂಜಿ ಬರೆಯುತ್ತಾರೆ. ಶಾಲೆಯಿಂದ ಸಮುದ್ರಕ್ಕೆ ಐದು ನಿಮಿಷದ ನಡಿಗೆ, ಕಿಟಕಿ ತೆರೆದರೆ ಸದ್ದು ಕೇಳುತ್ತದೆ. ನಾನು ಕಿಟಕಿ ಹಾಕಿ ಹೂಜಿ ಬರೆಸುತ್ತೇನೆ. ಈ ಊರಿನ ಒಂದು ತಲೆಮಾರು ಹೂಜಿಯನ್ನು ಕಣ್ಣು ಕಟ್ಟಿ ಬಿಟ್ಟರೂ ಬರೆಯಬಲ್ಲದು.

ಕಳೆದ ವಾರವೂ ಹೂಜಿಯೇ. ನಿಶಾಳ ಹಾಳೆಯ ಪುಡಿ ಊದಿ, ಕುರ್ಚಿಯಿಂದ ಕಾಲು ಇಳಿಸಿದ ಮೇಲೆ ನೋಡಿದರೆ, ಹೂಜಿಯ ಪಕ್ಕದಲ್ಲಿ ಹಾಳೆ ತೂತು ಬಿದ್ದಿತ್ತು. "ಎಷ್ಟ್ ಸಲ ಅಳಸ್ತೀ? ಮೊದಲ ಚಂದಂಗ..." ಎಂದು ಬಾಯಿ ತೆರೆದವಳು ಅರ್ಧಕ್ಕೇ ನಿಂತೆ. ತಗ್ಗಿದ ದನಿಯಲ್ಲಿ, "ಯಾಕ ಅಳಸಿದಿ, ಹೇಳವಾ" ಎಂದೆ.

"ಅಕ್ಕೋರೆ, ನೆರ್ಳು ಸರೀತೇ ಅದೆ. ಆಗ ಇಲ್ಲಿತ್ತು, ಈಗ ಅಲ್ಲಿ. ಬಿಸ್ಲು ಹೋಗ್ತದಲ್ಲ."

ಕಿಟಕಿಯ ಸಂದಿನಿಂದ ಬಂದ ಬಿಸಿಲು ಮೇಜಿನ ಮೇಲೆ ಒಂದು ಗೇಣು ನಡೆದುಹೋಗಿತ್ತು. ಹತ್ತು ವರ್ಷ ಬಾಗಿಲು ಕಿಟಕಿ ಹಾಕಿ ಕೂತರೂ ನಡೆಯುವುದು ನಡೆಯುತ್ತಲೇ ಇತ್ತು. ಅದನ್ನು ಕಂಡು ಹೇಳಲು ಒಬ್ಬ ಹುಡುಗಿಯೂ ಇದ್ದಳು.

ಅಂದು ಸಂಜೆ ಸುರೇಖಾಳಿಗೆ ಫೋನ್ ಮಾಡಿದೆ. ಅವಳೀಗ ಅಂಕೋಲೆಯಲ್ಲಿ ಕಾಲೇಜು ಮುಗಿಸಿ ಕೆಲಸದಲ್ಲಿದ್ದಾಳೆ. "ಶನಿವಾರ ಬೆಳಿಗ್ಗೆ ನೀರು ಹೆಂಗ ಇರ್ತದ, ಅಜ್ಜೀನ ಕೇಳಿ ಹೇಳು" ಎಂದೆ. ನನಗೇ ಲೆಕ್ಕ ಬರುತ್ತದೆ, ಆದರೂ ಕೇಳಿದೆ. ಹಿಂದಿನಿಂದ ಅಜ್ಜಿಯ ದನಿ ಫೋನಿನೊಳಗೆ ನುಗ್ಗಿತು. "ಇಳೀತಾ ಇರ್ತದೆ. ಕೋಲ್ ಮರೀಬೇಡಿ ಅನ್ನು. ನೀರ್ ಬಂದಾಗ ಕೈಯಾಗೆ ಚಿತ್ರ ಇದ್ರೆ ಬಿಸಾಕೂಕೆ ಮಕ್ಕಳಿಗೆ ಹೇಳಿ ಅನ್ನು."

ಶನಿವಾರ ಇಪ್ಪತ್ತೊಂದು ಮಕ್ಕಳೊಂದಿಗೆ ಕಾರವಾರದ ದಂಡೆಗೆ ಹೋದೆ. ಬಂಡೆ ಗಿಂಡೆ ಏನಿಲ್ಲ, ಗಾಳಿ ಮರಗಳ ಕೆಳಗೆ, ರಸ್ತೆಯ ಮಗ್ಗುಲಿಗೆ. ನೀರಿನಂಚಿಗೆ ಕೋಲು ಊರಿದೆ. ಗೊತ್ತಿರುವುದನ್ನು ಮೊದಲು ಬಾಯಿಬಿಟ್ಟು ಹೇಳಿ, ಕಂಡದ್ದನ್ನು ಆಮೇಲೆ ಬರೆಯಿರಿ ಎಂದೆ. ಅವರು ಹೇಳತೊಡಗಿದರು ನೋಡಿ, ನಿಲ್ಲಿಸಲಿಲ್ಲ. ಯಾವ ದೋಣಿ ಯಾರ ಮಾವನದು, ಅದರ ಎಂಜಿನ್ ಯಾಕೆ ಕೆಟ್ಟಿದೆ, ಕೆಳಗೆ ಎಲ್ಲಿ ಕಲ್ಲಿದೆ, ಆ ಮೀನು ಮಾರುವವಳು ಎಷ್ಟು ಸುಳ್ಳು ಹೇಳುತ್ತಾಳೆ. ಬರೆಯಲು ಶುರು ಮಾಡಿದ್ದು ಮುಕ್ಕಾಲು ಗಂಟೆಯ ಮೇಲೆ.

ನಾನೂ ರಟ್ಟು ಹಿಡಿದು ಕೂತೆ. ಚಪ್ಪಲಿ ಕಾಲಲ್ಲೇ ಇತ್ತು, ಕಾಲು ನೆಲದ ಮೇಲೇ ಇತ್ತು. ಚಂದವಾಗಿ ನೋಡಿ, ಧೈರ್ಯದಿಂದ, ಒಂದೇ ಏಟಿಗೆ ನೀರಿನ ಗೆರೆ ಎಳೆದೆ.

ಪಕ್ಕದಿಂದ ನಿಶಾ ಇಣುಕಿದಳು. "ಅಕ್ಕೋರೆ, ಅದು ಇಳ್ದ್ ಹೋಯ್ತು. ಕೋಲು ನೋಡಿ, ಒಣಗ್ತಾ ಬಂತು."

"ಹೌದಲ್ಲವಾ" ಎಂದೆ. "ರಬ್ಬರ್ ಕೊಡಿಲ್ಲಿ."