ಹಿಂದುಮುಂದಿಲ್ಲದವಳ ಕಾರು

ಬೀದಿಯವರು ಎದುರಿಗೆ ಅವಳನ್ನು ಟೇಲರಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ 'ಹಿಂದುಮುಂದಿಲ್ಲದವಳು' ಎನ್ನುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಹೇಳುವವರು ಕೇಳುವವರಿಲ್ಲ ಎಂದು ಅದರ ಅರ್ಥ. ಆದರೆ ಅವಳ ಕಾರಿಗೂ ಹಿಂದಿಲ್ಲ ಎನ್ನುವುದು ಪಾಪ, ಅವರಿಗೆ ಗೊತ್ತಿರಲಿಲ್ಲ. ಅವಳಿಗೆ ಕಾರನ್ನು ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ!

ಓಡಿಸಲು ಕಲಿಸಿದವನು ಗಂಡ, ಅಂಗಡಿಗಳಿಗೆ ಬ್ರೆಡ್ಡು ಹಾಕುವ ವ್ಯಾನಿನ ಡ್ರೈವರ್. "ಮೊದ್ಲು ಮುಂದಕ್ಕೆ ಹೋಗೋದು ಕಲಿ, ಹಿಂದಕ್ಕೆ ತೆಗೆಯೋದು ಆಮೇಲೆ ನೋಡೋಣ" ಅಂದಿದ್ದ. ಆ ಆಮೇಲೆ ಬರುವ ಮೊದಲೇ ತೀರಿಹೋದ. ಲೈಸೆನ್ಸ್ ಪರೀಕ್ಷೆಯ ದಿನ ಮುಂದಕ್ಕೆ ಓಡಿಸಿ ತೋರಿಸಿದಳು. ಇನ್ನೇನು ರಿವರ್ಸ್ ಕೇಳಬೇಕು, ಧೋ ಎಂದು ಮಳೆ. ಪರೀಕ್ಷೆ ಮಾಡುವವನು "ಸಾಕಮ್ಮ, ಸಾಕು" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡು ಒಳಗೆ ಓಡಿದ. ಪುಣ್ಯಾತ್ಮ!

ಅಲ್ಲಿಂದ ಶುರು. ವಾರವೆಲ್ಲ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿದವಳು ಭಾನುವಾರ ಬಂತೆಂದರೆ ಅಂಗಡಿಗೆ ಬೀಗ ಜಡಿದು ಕಾರು ಹತ್ತುತ್ತಿದ್ದಳು. ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗುವಷ್ಟು ದೂರದಲ್ಲಿ ಸರ್ಕಾರ ಕಾಯುವ ಉದ್ಯಾನ ಯಾವುದಿದ್ದರೂ ಸರಿ, ಹಕ್ಕಿಗಳ ಕೆರೆಯೋ, ಜಿಂಕೆಯ ಬಯಲೋ, ಜಲಪಾತವೋ. ಮೊದಲೇ ಫೋನು ಹಚ್ಚಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಒಳಗಿನ ರಸ್ತೆ ಸುತ್ತಿ ಬರುತ್ತೋ, ಅಲ್ಲೇ ಮುಗಿದುಹೋಗುತ್ತೋ?" ಸುತ್ತಿ ಬಂದರೆ ಹೊರಟಳು. ಮುಗಿದುಹೋದರೆ ಅಲ್ಲಿ ಸಾಕ್ಷಾತ್ ಹುಲಿ ಬಂದು ಕೈಮುಗಿದು ಕರೆದರೂ ಇಲ್ಲ. ಹೋದಲ್ಲೆಲ್ಲ ಮರದ ನೆರಳು ಬಿಟ್ಟು ಬಿಸಿಲಲ್ಲಿ, ಹಿಂದೆ ತೆಗೆಯುವ ಗೋಜಿಲ್ಲದಂತೆ ಮೂತಿ ಹೊರಗೆ ಮಾಡಿ ಕಾರು ನಿಲ್ಲಿಸುವಳು.

ಇದೆಲ್ಲ ಅವಳ ಅಣ್ಣನ ಗಂಟಲಲ್ಲಿ ಇಳಿಯಲಿಲ್ಲ. ಗೋದಾಮಿನ ಮ್ಯಾನೇಜರು, ಮನೆಯಲ್ಲೂ ಮ್ಯಾನೇಜರೇ. ಕಾರು ಅವನು ಹಿಂದೆ ಅವಳ ಗಂಡನಿಗೆ ಕೊಟ್ಟ ಹಳೆಯದು, ಕಾಗದ ಇನ್ನೂ ಅವನ ಹೆಸರಿನಲ್ಲೇ ಇತ್ತು. ಒಂದು ದಿನ ಅಂಗಡಿಗೆ ಬಂದು ಅಳತೆ ಟೇಪನ್ನು ಪಕ್ಕಕ್ಕೆ ತಳ್ಳಿ ಕೈ ಚಾಚಿದ.

"ಕೀ ಕೊಡು. ಮಾರಿಬಿಡ್ತೀನಿ. ಹೆಂಗಸು ಒಬ್ಳೇ ಕಾಡು ಮೇಡು ಅಲೀತಾಳೆ ಅಂದ್ರೆ ಜನ ಏನಂತಾರೆ?"

"ಪ್ಯಾಂಟು ಉದ್ದ ಆಯ್ತು ಅಂತಾರೆ. ಬೇರೇನೂ ನನ್ನ ಹತ್ರ ಅಂದಿಲ್ಲ."

ಮಾತಿಗೆ ಮಾತು ಬೆಳೆದು ಕೊನೆಗೆ ಅಣ್ಣನೇ ಷರತ್ತು ಹಾಕಿದ. ಭಾನುವಾರ ಬೆಟ್ಟದ ಉದ್ಯಾನಕ್ಕೆ ಅವನೂ ಬರುತ್ತಾನೆ. ಅವನು ಸ್ಟೀರಿಂಗ್ ಮುಟ್ಟದೆ ಅವಳು ಹತ್ತಿ ಇಳಿದರೆ ಕಾರು ಅವಳ ಹೆಸರಿಗೆ. ಒಮ್ಮೆ ಅವನನ್ನು ಸಹಾಯಕ್ಕೆ ಕರೆದರೂ ಕೀ ಅವನಿಗೆ.

"ಆಗ್ಲಿ" ಅಂದಳು. ಬೆಟ್ಟದ ತುದಿಯಲ್ಲಿ ಕಾರು ತಿರುಗಿಸಲು ಬಯಲಿದೆ ಎಂದು ಅವಳು ಆಗಲೇ ಫೋನಿನಲ್ಲಿ ಕೇಳಿಕೊಂಡಿದ್ದಳು.

ಬೆಟ್ಟದ ರಸ್ತೆ ಒಂದೇ ಗಾಡಿಯಷ್ಟು ಅಗಲ. ಗೇಟಿನಲ್ಲಿ ದೊಡ್ಡ ಬೋರ್ಡು: 'ಹತ್ತುವ ವಾಹನಕ್ಕೆ ಮೊದಲ ದಾರಿ. ಇಳಿಯುವವರು ಹಿಂದೆ ಸರಿಯಬೇಕು.' ಅರ್ಧ ಹತ್ತುವಷ್ಟರಲ್ಲಿ ಒಂದು ತಿರುವಿನಲ್ಲಿ ಮೇಲಿನಿಂದ ಉದ್ಯಾನದ ಜೀಪು ಬಂತು. ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ.

"ಸ್ವಲ್ಪ ಹಿಂದೆ ತಗೋ. ಅವನ ಹತ್ರ ಏನು ಹಠ?" ಅಂದ ಅಣ್ಣ.

ಟೇಲರಕ್ಕ ಇಂಜಿನ್ ಆಫ್ ಮಾಡಿ ಕೈ ಕಟ್ಟಿ ಕೂತಳು. ಕಿಟಕಿಯಿಂದ ತಲೆ ಹೊರಹಾಕಿ, "ಏನಪ್ಪಾ, ನಿಮ್ದೇ ಬೋರ್ಡು, ನೀನು ಓದಿಲ್ವಾ?" ಎಂದು ಕೂಗಿದಳು. ಜೀಪಿನವನು ಗೊಣಗುತ್ತ ರಸ್ತೆ ಅಗಲವಾದ ಜಾಗದವರೆಗೆ ಹಿಂದೆ ಸರಿದು ದಾರಿ ಬಿಟ್ಟ.

ತುದಿಯಲ್ಲಿ ಗಾಳಿಯೋ ಗಾಳಿ. ಕೆಳಗೆ ಕಾಡು, ಅದರಾಚೆ ಊರು, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು. ಆ ಊರಿನ ಬಾಯಿಗೆ ಹೆದರಿ ಕೀ ಕೊಡಬೇಕಂತೆ! ಅವಳಿಗೆ ಮೈ ಉರಿಯಿತು, ಸಂತೋಷವೂ ಆಯಿತು.

ಇಳಿಯುವಾಗ ಅದೇ ತಿರುವಿನಲ್ಲಿ ಅದೇ ಜೀಪು, ಈಗ ಹತ್ತುತ್ತ ಬಂದು ಎದುರು ನಿಂತಿತು. ಡ್ರೈವರ್ ಹಲ್ಲು ಕಿರಿದ. "ಏನಮ್ಮಾ, ಬೋರ್ಡು ಓದಿದ್ರಾ?"

ಅವಳು ಬ್ರೇಕ್ ಒತ್ತಿದಳು. ತನ್ನ ಮಾತು ತನಗೇ ಸುತ್ತಿಕೊಂಡಿತ್ತು.

"ಏನಾಯ್ತೇ?" ಎಂದ ಅಣ್ಣ.

"ನಂಗೆ ರಿವರ್ಸ್ ಬರಲ್ಲ."

"ಇಷ್ಟು ವರ್ಷ..."

"ಬೇಕಾಗಿರ್ಲಿಲ್ಲ."

ಅಣ್ಣನ ಮುಖ ಅರಳಿತು. ಅಂಗೈ ಚಾಚಿದ. "ಇಳಿ ಕೆಳಗೆ. ನಾನು ತೆಗೀತೀನಿ."

ಅವಳು ಆ ಅಂಗೈ ನೋಡಿದಳು. ಥೂ, ದಿನಾ ಮಿಷನ್ನಿನಲ್ಲಿ ಮಾಡುವುದು ಇದನ್ನೇ ತಾನೆ! ಹೊಲಿಗೆಯ ತುದಿಯಲ್ಲಿ ಮಿಷನ್ನನ್ನು ಹಿಂದಕ್ಕೆ ನಾಲ್ಕು ಹೊಲಿಗೆ ಓಡಿಸದಿದ್ದರೆ ಎಂಥ ಬಟ್ಟೆಯೂ ಬಿಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಎಳೆಯಬಾರದು, ಸೂಜಿಯನ್ನು ನೋಡಬಾರದು, ಅಂಚನ್ನು ನೋಡಬೇಕು. ಗೇರು ಹಾಕಿ, ತಲೆ ಹಿಂದಕ್ಕೆ ತಿರುಗಿಸಿ, ರಸ್ತೆಯ ಅಂಚಿನ ಮೇಲೆ ಕಣ್ಣಿಟ್ಟಳು. ಕಾರು ಗುರ್ರೆಂದು ಹಿಂದೆ ಸರಿದು ಸೀದಾ ಚರಂಡಿಯ ಕಡೆ ತಿರುಗಿತು. ಅಣ್ಣ "ಅಯ್ಯಯ್ಯೋ" ಎಂದು ಸೀಟು ಅವುಚಿಕೊಂಡ. ಸೊಟ್ಟ ಹೊಲಿಗೆ ಬಿದ್ದರೆ ಅಳುವುದುಂಟೇ? ಬಿಚ್ಚಿ ಮತ್ತೆ ಹೊಲಿಯುವುದು. ಮುಂದೆ ಬಂದಳು, ಮತ್ತೆ ಹಿಂದೆ ಹೋದಳು, ಸೆರಗಿನಿಂದ ಬೆವರು ಒರೆಸಿಕೊಂಡು ಇನ್ನೊಮ್ಮೆ ಹೋದಳು. ರಸ್ತೆ ಅಗಲವಾದ ಜಾಗ ಸೇರುವಾಗ ಹಿಂದಿನ ದೀಪ ಬಂಡೆಗೆ ತಾಗಿ ಟಳ್ ಎಂದು ಒಡೆಯಿತು. ಜೀಪು ಪಕ್ಕದಿಂದ ಹತ್ತಿಹೋಯಿತು. ಡ್ರೈವರ್ ಈ ಸಲ ಹಲ್ಲು ಕಿರಿಯಲಿಲ್ಲ, ತಲೆ ಬಾಗಿಸಿದ.

"ಒಡೀತು ನೋಡು! ಕೊಡು ಕೀ!" ಅಣ್ಣ ಮತ್ತೆ ಅಂಗೈ ಚಾಚಿದ.

"ಸ್ಟೀರಿಂಗ್ ಮುಟ್ಟಿದ್ಯಾ ಅಣ್ಣ?"

ಅಣ್ಣ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ಮುಟ್ಟಿಲ್ಲ ತಾನೆ? ದೀಪ ಹೊಸದು ಹಾಕಿಸ್ಕೋತೀನಿ, ನನ್ನ ಕಾರಿಗೆ. ನೀನು ನಾಳೆ ಬಂದು ಸಹಿ ಹಾಕು."

ಊರು ಬಂತು. ಬೀದಿಯಲ್ಲಿ ಅವಳು ಬೇಕೆಂದೇ ಅಂಗಡಿ ದಾಟಿ ಮುಂದೆ ಹೋಗಿ, ಕಟ್ಟೆಯ ಮೇಲೆ ಕೂತವರೆಲ್ಲ ನೋಡುತ್ತಿರುವಾಗಲೇ ಹಿಂದಕ್ಕೆ ಬಂದು ಬಾಗಿಲಿಗೆ ಸರಿಯಾಗಿ ನಿಲ್ಲಿಸಿದಳು. ಆಮೇಲೆ ಚಪ್ಪಲಿ ಕೂಡ ಬಿಚ್ಚದೆ ಫೋನು ಹಚ್ಚಿದಳು, ಇಷ್ಟು ವರ್ಷ ಬಿಟ್ಟಿದ್ದ ಕಣಿವೆಯ ಉದ್ಯಾನಕ್ಕೆ.

"ರಸ್ತೆ ಸುತ್ತಿ ಬರಲ್ಲಮ್ಮ, ಹೊಳೆ ಹತ್ರ ಮುಗಿದುಹೋಗುತ್ತೆ" ಎಂದರು ಅಲ್ಲಿಂದ.

"ಮುಗೀಲಿ ಬಿಡಿ" ಅಂದಳು. "ಭಾನುವಾರ ಬರ್ತೀನಿ."